ಕೈ ಖಾಲಿ ಇರಬಾರದು

ಹೋದ ತಿಂಗಳು ಗುಬ್ಬಿಗೆ ಹೋಗಿದ್ದೆ. ಯಾಕೆ ಹೋಗಿದ್ದೆನೆಂದು ಆಮೇಲೆ ಹೇಳುತ್ತೇನೆ. ಬಸ್ಸಿಳಿದು ರಸ್ತೆ ದಾಟುವಾಗ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿ, ಎದುರಿಗೆ ರಾಶಿ ಸುರಿದುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಬೆಳಗಿನ ಇಬ್ಬನಿ ಇನ್ನೂ ಆರದ ಕಾಯಿ. "ಮುಟ್ ನೋಡಮ್ಮ, ಎಣ್ಣೆ ಎಣ್ಣೆ ಅಂತದೆ, ಅಂಥಾ ಸೊಗಡೈತೆ" ಅಂದಳು. ಕೈಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಬಿಡದ ವಾಸನೆ ಅದು. ನನ್ನ ಸೊಸೆಗೆ ಆಗುವುದಿಲ್ಲ, ಮೂಗಿಗೆ ದುಪಟ್ಟಾ ಹಿಡಿಯುತ್ತಾಳೆ. ನನಗೆ ಮಾತ್ರ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಒಂದಕ್ಕೊಂದು ಒತ್ತಿಕೊಂಡವು. ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುವ ಕೆಲಸವನ್ನು ಈ ಬೆರಳುಗಳು ಒಂದು ಚಳಿಗಾಲವಿಡೀ ಮಾಡಿದ್ದವು. ನಲವತ್ತು ವರ್ಷದ ಮೇಲಾಯಿತು. ಬೇಕಿಲ್ಲದಿದ್ದರೂ ಎರಡು ಕೇಜಿ ತೂಗಿಸಿಕೊಂಡೆ.

ಅದು ಎಂಬತ್ತೆರಡನೇ ಇಸವಿಯ ಚಳಿಗಾಲ. ನಾನು ತುಮಕೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಅಬ್ಬಾನದು ಹಾಸಿಗೆ, ದಿಂಬು ಹೊಲಿಯುವ ಅಂಗಡಿ. ನಮ್ಮ ಮನೆಯಲ್ಲಿ ಎಲ್ಲರ ತಲೆಗೂದಲಲ್ಲೂ ಹತ್ತಿಯ ಎಳೆ ಇದ್ದೇ ಇರುತ್ತಿತ್ತು. ಮನೆಯೊಳಗೆ ಉರ್ದು, ಹೊಸಲು ದಾಟಿದರೆ ಕನ್ನಡ, ಎರಡರಲ್ಲೂ ನನ್ನ ಬಾಯಿಗೆ ಬಿಡುವಿರಲಿಲ್ಲ. ಶಮೀಮ್ ಅನ್ನುವ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಕಾಲೇಜಿಗೆಲ್ಲ ನಾನು ರೇಡಿಯೋ.

ನಮಗೆ ಮನಃಶಾಸ್ತ್ರ ಹೇಳಿಕೊಡುತ್ತಿದ್ದವರು ಕಮಲಮ್ಮ ಮೇಡಂ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಪಿಯುಸಿ ಓದಲು ಬಂದ ಹುಡುಗಿಯರ ಒಂದು ಹಾಸ್ಟೆಲ್ಲಿತ್ತು, ಅದಕ್ಕೆ ಅವರೇ ವಾರ್ಡನ್. ಒಂದು ದಿನ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿದರು.

"ನಾಳೆಯಿಂದ ಸಾಯಂಕಾಲ ಹಾಸ್ಟೆಲ್ಲಿಗೆ ಬಾ. ಒಂದು ಕೆಲಸ ಇದೆ."

"ಏನ್ ಕೆಲಸ ಮೇಡಂ?"

"ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳೋ ಕೆಲಸ."

ಬಾಗಿಲ ಹತ್ತಿರ ನಿಂತಿದ್ದವರೆಲ್ಲ ಗೊಳ್ಳೆಂದರು. ಮೇಡಂ ನಗಲಿಲ್ಲ. "ಹದಿನಾರು ಹದಿನೇಳರ ಮಕ್ಕಳು ಕಣೇ ಅವು. ಏನಾದ್ರೂ ಆದ್ರೆ ನನ್ನ ಹತ್ರ ಹೇಳಲ್ಲ, ನಾನು ವಾರ್ಡನ್. ಮನೇಲಿ ಹೇಳಲ್ಲ, ಹೇಳಿದ್ರೆ ಓದು ಬಿಡಿಸ್ತಾರೆ. ತಮಗಿಂತ ಎರಡು ಮೂರು ವರ್ಷ ದೊಡ್ಡವರು ಪಕ್ಕದಲ್ಲಿ ಸುಮ್ನೆ ಕೂತ್ರೆ ಹೇಳ್ತಾರೆ" ಅಂದರು.

"ಆದ್ರೆ ನಾನ್ಯಾಕೆ ಮೇಡಂ? ನನ್ನ ಬಾಯಿ ನಿಲ್ಲಲ್ಲ ಅಂತ ನಿಮ್ಗೇ ಗೊತ್ತು."

"ನಿನ್ನ ಕಂಡ್ರೆ ಯಾರಿಗೂ ಹೆದರಿಕೆ ಇಲ್ಲ. ಬಾಯಿ ಮುಚ್ಚೋದನ್ನ ಕಲಿಸಬಹುದು. ಹೆದರಿಕೆ ಹುಟ್ಟಿಸದೇ ಇರೋದನ್ನ ಕಲಿಸೋಕಾಗಲ್ಲ."

ಹೊಗಳಿದರೋ ಬೈದರೋ ಗೊತ್ತಾಗದೆ ಒಪ್ಪಿಕೊಂಡೆ. ನನ್ನ ಜೊತೆಗೆ ಇನ್ನೊಬ್ಬಳನ್ನು ಆರಿಸಿದ್ದರು. ಕುಣಿಗಲ್‌ನ ಗೌರಿ, ಕೊನೆಯ ವರ್ಷದ ಬಿ.ಎ., ಅದೇ ಹಾಸ್ಟೆಲ್ಲಿನಲ್ಲಿದ್ದವಳು. ಮೂರು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಹುಡುಗಿ. ನಮ್ಮಿಬ್ಬರನ್ನೂ ಕೂಡಿಸಿ ಎರಡು ಭಾಗ ಮಾಡಿದ್ದರೆ ಇಬ್ಬರು ಸರಿಯಾದ ಮನುಷ್ಯರು ಸಿಗುತ್ತಿದ್ದರು.

ಮೇಡಂ ನಮಗೆ ಕಲಿಸಿದ್ದು ಹೆಚ್ಚೇನಲ್ಲ. ಉಪದೇಶ ಮಾಡಬಾರದು, ಅದು ಲೋಕದಲ್ಲಿ ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತದೆ ಅನ್ನುತ್ತಿದ್ದರು. ಕೇಳಿದ್ದು ಹಾಸ್ಟೆಲ್ಲಿನ ಹಿಂದಿನ ಜಗಲಿ ದಾಟಿ ಹೋಗಬಾರದು. ಆದರೆ ಯಾರಾದರೂ ಬದುಕುವುದೇ ಬೇಡ ಅನ್ನುವಂತೆ ಮಾತಾಡಿದರೆ, ಸುತ್ತಿ ಬಳಸದೆ ನೇರವಾಗಿ ಕೇಳಬೇಕು, ಹೌದು ಅಂದರೆ ಮೇಡಂಗೆ ತಿಳಿಸಬೇಕು, ತಿಳಿಸುತ್ತೇನೆಂದು ಆ ಹುಡುಗಿಗೂ ಹೇಳಬೇಕು. ಅದೊಂದನ್ನು ಮಾತ್ರ ಗುಟ್ಟು ಮಾಡುವಂತಿಲ್ಲ. ಇಷ್ಟೆಲ್ಲ ನಮಗೆ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಇನ್ನೊಂದು.

"ಕೂತಿರೋವಾಗ ಕೈ ಖಾಲಿ ಇರಬಾರದು. ಏನಾದ್ರೂ ಕೆಲಸ ಮಾಡ್ತಾನೇ ಕೇಳಬೇಕು."

ಇದನ್ನು ಮರೆತರೆ ಅವರಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. ಅಡುಗೆಯವರಿಗೆ ನೆರವಾಗಲೆಂದು ಮೇಡಂ ಹೂಡಿದ ಉಪಾಯವೆಂದೇ ನಾನು ತಿಳಿದಿದ್ದೆ. ಅವರೆಯ ಕಾಲ ಬೇರೆ. ಮಕ್ಕಳನ್ನು ನೋಡಲು ಬರುವ ಅಪ್ಪಂದಿರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಹೆಗಲ ಮೇಲೊಂದು ಮೂಟೆ ಅವರೆಕಾಯಿ ಹೊತ್ತೇ ಬರುತ್ತಿದ್ದರು. ಸುಲಿದು ನೆನೆಸಿದ ಕಾಳು ದೊಡ್ಡ ಬೇಸನ್ನಿನಲ್ಲಿ ನಮಗಾಗಿ ಕಾದಿರುತ್ತಿತ್ತು. ಮನೆಯಲ್ಲಿ ಅಮ್ಮಿ ಇದನ್ನು ಕೇಳಿ ಏನೆಂದಳೆಂಬುದನ್ನು ಉರ್ದುವಿನಿಂದ ಕನ್ನಡಕ್ಕೆ ತಂದರೆ ಖಾರವೆಲ್ಲ ಹೋಗಿಬಿಡುತ್ತದೆ. ಒಟ್ಟಿನಲ್ಲಿ, ಮನೆಯಲ್ಲಿ ಒಂದು ದಿನವೂ ಈರುಳ್ಳಿ ಹೆಚ್ಚದವಳು ಊರವರ ಕಾಳು ಹಿತುಕಲು ಹೊರಟಿದ್ದಾಳೆಂದು. ಅಬ್ಬಾ ಮಾತ್ರ ಏನೂ ಅನ್ನಲಿಲ್ಲ. ಕತ್ತಲಾಗುವ ಮೊದಲು ಸೈಕಲ್ಲಿನಲ್ಲಿ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು.

ಕಾಳು ಹಿತುಕುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಣ್ಣು ಬೇಸನ್ನಿನ ಮೇಲಿರುತ್ತದೆ. ಅದು ಆ ಹುಡುಗಿಯರಿಗೆ ಎಷ್ಟು ದೊಡ್ಡ ಅನುಕೂಲವೆಂದು ನನಗೆ ಒಂದು ವಾರದಲ್ಲೇ ತಿಳಿಯಿತು. ಹರಟೆಗೆ ಬಂದವರು ಎದುರಿಗೆ ಕೂರುತ್ತಿದ್ದರು. ಹೇಳಿಕೊಳ್ಳಲು ಬಂದವರು ಭುಜ ತಾಗುವಂತೆ ಪಕ್ಕಕ್ಕೆ ಬಂದು ಕೂರುತ್ತಿದ್ದರು. ಒಬ್ಬಳಿಗೆ ಅಮ್ಮನ ನೆನಪಾಗಿ ಅನ್ನ ಇಳಿಯುತ್ತಿರಲಿಲ್ಲ. ಇನ್ನೊಬ್ಬಳಿಗೆ ಬಸ್ ಸ್ಟ್ಯಾಂಡಿನಿಂದ ದಿನಾ ಹಿಂದೆ ಬಂದು ಸೈಕಲ್ ಬೆಲ್ ಹೊಡೆಯುವ ಹುಡುಗನ ಭಯ. ಮತ್ತೊಬ್ಬಳು ತಿಂಗಳ ಹೊಟ್ಟೆನೋವನ್ನು ದೊಡ್ಡ ಕಾಯಿಲೆಯೆಂದು ತಿಳಿದು ಒಳಗೊಳಗೇ ಕೊರಗುತ್ತಿದ್ದಳು. ಇದಕ್ಕೆಲ್ಲ ನನ್ನಲ್ಲಿ ಪುಂಖಾನುಪುಂಖ ಉತ್ತರಗಳಿದ್ದವು. ಆ ವಾರ ನನ್ನ ನಾಲಿಗೆ ತುರಿಸಿದಷ್ಟು ಯಾವತ್ತೂ ತುರಿಸಿರಲಿಲ್ಲ. ನಾನು ಬಾಯಿ ತೆರೆದೆನೋ ಇಲ್ಲವೋ, ಗೌರಿ ಕಾಳನ್ನು ನನ್ನ ಕಡೆ ಗುರಿಯಿಟ್ಟು ಹಿತುಕುತ್ತಿದ್ದಳು. ಬೇಳೆ ಪಚಕ್ಕನೆ ಬಂದು ನನ್ನ ಕೆನ್ನೆಗೆ ಬೀಳುತ್ತಿತ್ತು. ನಾನು ಸುಮ್ಮನಿರಲು ಕಲಿತದ್ದು ಹಾಗೆ.

ಎಲ್ಲರಿಗೂ ಒಳ್ಳೆಯದಾಯಿತೆಂದು ಜಂಬ ಕೊಚ್ಚಿಕೊಳ್ಳಲಾರೆ. ಕುಣಿಗಲ್ ಕಡೆಯ ಒಬ್ಬಳನ್ನು ಅಣ್ಣಂದಿರು ಬಂದು ವರ್ಷದ ನಡುವೆಯೇ ಕರೆದುಕೊಂಡು ಹೋಗಿ ಮದುವೆ ಮಾಡಿದರು. ಹದಿನೈದು ದಿನ ನಮ್ಮ ಪಕ್ಕ ಕೂತು ಅದನ್ನೇ ಹೇಳಿಕೊಂಡು ಅತ್ತಿದ್ದಳು. ಮೇಡಂ ಅವರ ಮನೆಗೇ ಹೋಗಿ ಬಂದರು, ಬೈಸಿಕೊಂಡೂ ಬಂದರು. ನಮ್ಮಿಂದ ಏನೂ ಆಗಲಿಲ್ಲ.

ರತ್ನ ಜಗಲಿಗೆ ಬಂದದ್ದು ಜನವರಿ ಹುಟ್ಟಿದ ಮೇಲೆ. ಪೂರ್ತಿ ಹೆಸರು ನಾಗರತ್ನ, ಗುಬ್ಬಿಯಿಂದ ಒಳಗೆ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ತನ್ನ ಹೈಸ್ಕೂಲಿಗೇ ಮೊದಲನೆಯವಳು. ಅಲ್ಲಿಯವರೆಗೆ ಓದಿದ್ದೆಲ್ಲ ಕನ್ನಡದಲ್ಲಿ. ತುಮಕೂರಿಗೆ ಬಂದು ಪಿಯುಸಿ ಸೈನ್ಸಿಗೆ ಸೇರಿದಳು, ಅಲ್ಲಿ ಎಲ್ಲವೂ ಇಂಗ್ಲಿಷು. ಮೊದಲ ದಿನದಿಂದ ಒಂದಕ್ಷರ ತಲೆಗೆ ಹೋಗಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸೈನ್ಸಿನ ಎಲ್ಲಾ ವಿಷಯದಲ್ಲೂ ಫೇಲಾಗಿದ್ದಳು. ಅತ್ತ ಅವಳಪ್ಪ ರಂಗಪ್ಪನವರು, ನಮ್ ರತ್ನ ಡಾಕ್ಟ್ರಾಗಿ ಬತ್ತಾಳೆ, ಇನ್ನು ಊರೋರು ಕಾಯ್ಲೆ ಅಂತ ಗುಬ್ಬಿಗೆ ಹೋಗಂಗೇ ಇಲ್ಲ ಎಂದು ಟೀ ಅಂಗಡಿಯಲ್ಲಿ ಸಾರಿಯಾಗಿತ್ತು. ರಜಕ್ಕೆ ಹೋದಾಗ ಊರಿನ ಅಜ್ಜಿಯರು ಅವಳಿಗೆ ಆಗಲೇ ಮಂಡಿ ತೋರಿಸಿದ್ದರಂತೆ.

ಇದನ್ನೆಲ್ಲ ಅವಳು ಒಂದೇ ಸಲ ಹೇಳಲಿಲ್ಲ. ಮೊದಲ ಕೆಲವು ದಿನ ಬರೀ ಹಿತುಕಿದಳು. ಅವಳಷ್ಟು ಚುರುಕಾಗಿ ಹಿತುಕುವವರು ಹಾಸ್ಟೆಲ್ಲಿನಲ್ಲೇ ಇರಲಿಲ್ಲ, ಎರಡೂ ಕೈಯಲ್ಲಿ ಒಟ್ಟಿಗೆ ಹಿತುಕುತ್ತಿದ್ದಳು. ಆಮೇಲೆ ಅಜ್ಜಿಯರ ಮಂಡಿಯ ಕಥೆ ಹೇಳಿದಳು. ನಾನು ನಕ್ಕೆ, ಅವಳೂ ನಕ್ಕಳು. ನಗುವಿನ ನಡುವೆಯೇ ಅವಳ ದನಿ ಒಡೆಯಿತು. ಫಿಸಿಕ್ಸು, ಕೆಮಿಸ್ಟ್ರಿ ಎಲ್ಲ ಹೊರಬಿತ್ತು. ಸಂಕ್ರಾಂತಿಗೆ ಮಗಳನ್ನು ಕರೆದೊಯ್ಯಲು ಅಪ್ಪ ಬರುವವರಿದ್ದರು. ಬಂದವರು ಕಾಲೇಜಿಗೂ ಹೋಗಿ ಮೇಷ್ಟ್ರನ್ನು ಮಾತಾಡಿಸಿಕೊಂಡು ಬರುತ್ತೇನೆ ಅಂದಿದ್ದರು.

ಹಬ್ಬಕ್ಕೆ ಇನ್ನು ನಾಲ್ಕೈದು ದಿನವಿತ್ತು. ಆ ಸಾಯಂಕಾಲ ಚಳಿ ಜಾಸ್ತಿಯಿದ್ದು ಉಳಿದವರೆಲ್ಲ ಬೇಗ ಒಳಗೆ ಹೋಗಿದ್ದರು. ಜಗಲಿಯ ಬಾಗಿಲ ಹತ್ತಿರ ಗೌರಿ, ಈಚೆಗೆ ನಾನು, ನನ್ನ ಭುಜಕ್ಕೆ ಭುಜ ತಾಗಿಸಿ ರತ್ನ.

"ಅಕ್ಕ, ನಿಮ್ಗೊಂದ್ ಮಾತ್ ಹೇಳ್ಬೇಕು."

"ಹೇಳೇ."

"ಯಾರ್ಗೂ ಹೇಳಲ್ಲ ಅಂತ ಭಾಷೆ ಕೊಡಿ."

ಬೇಸನ್ನಿನ ಮೇಲೆ ಅವಳು ಅಂಗೈ ಚಾಚಿದಳು. ನಮ್ಮ ಕಡೆ ಅಂಗೈ ಮೇಲೆ ಅಂಗೈ ಇಟ್ಟರೆ ಮುಗಿಯಿತು. ಬಾಯಿಮಾತಿಗೆ ತಪ್ಪಬಹುದು, ಕೈ ಕೊಟ್ಟ ಮೇಲೆ ತಪ್ಪುವಂತಿಲ್ಲ. ಹಿಂದೂಗಳಾಗಲಿ ನಾವಾಗಲಿ, ಜಾತ್ರೆ ಜಗಳದಿಂದ ಹಿಡಿದು ಹೆಣ್ಣು ಕೇಳುವ ತನಕ ಎಲ್ಲರೂ ಕೈಗೆ ಕಟ್ಟುಬಿದ್ದು ಬೆಳೆದವರೇ. ನಾನು ಕೈ ಮುಂದೆ ಮಾಡಿದೆ. ಎರಡೂ ಅಂಗೈ ತುಂಬ ಒದ್ದೆ ಕಾಳು, ಸಿಪ್ಪೆ, ಲೋಳೆ.

ಮೇಡಂ ಯಾಕೆ ಕೈ ಖಾಲಿ ಬಿಡಬೇಡ ಅನ್ನುತ್ತಿದ್ದರೆಂದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಖಾಲಿ ಇದ್ದಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ. ಅಷ್ಟು ಚಿಕ್ಕ ಹುಡುಗಿ ಅಂಗೈ ಚಾಚಿದರೆ ಇಲ್ಲ ಅನ್ನುವ ಎದೆ ನನಗಿರಲಿಲ್ಲ.

"ನೋಡೇ, ಕೈ ತುಂಬ ಕಾಳು. ಭಾಷೆ ಕೊಡೋಕಾಗಲ್ಲ. ನೀನು ಹೇಳು, ನಾನ್ ಎಲ್ಲೂ ಹೋಗಲ್ಲ."

"ಕೈ ಒರೆಸ್ಕೊಳ್ಳಿ."

"ಕೆಲಸ ಇನ್ನೂ ಮುಗಿದಿಲ್ಲ ಕಣೇ."

ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹಿಂದಕ್ಕೆ ಹೋಯಿತು, ಒಂದು ಕಾಳು ಎತ್ತಿಕೊಂಡಿತು. ಹೇಳುವುದಿಲ್ಲವೇನೋ ಎಂದು ನನಗೆ ಜೀವ ಹೋದಂತಾಯಿತು. ಹೇಳಿದಳು. "ಅಪ್ಪ ಬರೋ ಹೊತ್ಗೆ ನಾನೇ ಇರ್ಬಾರ್ದು ಅನ್ಸುತ್ತೆ ಅಕ್ಕ."

"ಎಲ್ಲಿಗಾದ್ರೂ ಹೊರಟೋಗ್ಬೇಕು ಅಂತಲಾ?"

"ಊಹೂಂ."

"ಸಾಯ್ಬೇಕು ಅನ್ಸುತ್ತಾ ರತ್ನ?"

ಕೇಳಿದರೆ ಎಲ್ಲಿ ನಾನೇ ಹೇಳಿಕೊಟ್ಟಂತಾಗುತ್ತದೋ ಎಂದು ಹೆದರಿಕೆ. ಹಾಗಾಗುವುದಿಲ್ಲ, ಕೇಳಿದರೆ ಭಾರ ಇಳಿಯುತ್ತದೆ ಎಂದು ಮೇಡಂ ಹತ್ತು ಸಲ ಹೇಳಿದ್ದರು. ರತ್ನ ತಲೆಯಾಡಿಸಿದಳು. ಹೂಂ ಅಂದದ್ದು ನನಗೆ ಮಾತ್ರ ಕೇಳಿಸಿತು.

"ನೀನು ಹೇಳಿದ್ದು ಒಳ್ಳೇದಾಯ್ತು" ಅಂದೆ. "ಇದನ್ನ ನಾನು ಮೇಡಂಗೆ ಹೇಳ್ತೀನಿ. ಬೆನ್ನ ಹಿಂದೆ ಹೇಳಲ್ಲ, ನಿನ್ನ ಮುಂದೇನೇ ಹೇಳ್ತೀನಿ. ನಡಿ, ಒಟ್ಗೇ ಹೋಗಣ."

ರತ್ನ ದಡಕ್ಕನೆ ಎದ್ದಳು. "ಎಲ್ರೂ ನಿಮ್ಮುನ್ನ ರೇಡಿಯೋ ಅಂತಾರೆ, ಸರಿಯಾಗೇ ಅಂತಾರೆ ಬುಡಿ! ನಿಮ್ಮುನ್ ನಂಬಿದ್ನಲ್ಲ!"

ಎದ್ದ ರಭಸಕ್ಕೆ ಕಾಲು ತಾಗಿ ಬೇಸನ್ನು ಮಗುಚಿತು. ಜಗಲಿ ತುಂಬ ಕಾಳು ಹರಡಿ ಬಾಗಿಲ ತನಕ ಉರುಳಿತು. ಆ ಮಾತು ನನಗೆ ಎಷ್ಟು ಚುಚ್ಚಿತೆಂದರೆ ಕೂತಲ್ಲಿಂದ ಏಳಲೂ ಆಗಲಿಲ್ಲ. ಆಗ ಗೌರಿ, ಏನೂ ನಡೆದೇ ಇಲ್ಲ ಅನ್ನುವ ಹಾಗೆ, ಬಾಗಿಲಲ್ಲೇ ಕೂತು ಕಾಳು ಬಾಚತೊಡಗಿದಳು.

"ರತ್ನ, ನೋಡ್ಕೊಂಡ್ ಕಾಲಿಡೇ, ಕಾಳು" ಅಂದಳು. ಅಷ್ಟೇ ಅಂದದ್ದು.

ರತ್ನ ನಿಂತಳು. ಒಳಗೆ ಓಡಬೇಕೆಂದರೆ ಕಾಳು ತುಳಿಯದೆ ದಾರಿಯಿರಲಿಲ್ಲ. ಅವಳು ರೈತರ ಮನೆ ಹುಡುಗಿ. ಕಣದಲ್ಲಿ ಬಿದ್ದ ಒಂದು ಕಾಳಿಗೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಂಡು ಬೆಳೆದವಳು. ಸಾಯಲು ಮನಸ್ಸು ಮಾಡಿದ್ದವಳಿಗೆ ಆ ಕಾಳು ತುಳಿಯಲು ಮನಸ್ಸು ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಆರಿಸಿ ಲಂಗದ ಮಡಿಲಿಗೆ ಹಾಕಿಕೊಳ್ಳುತ್ತಾ ಗೊಳೋ ಎಂದು ಅತ್ತಳು. ನಾವೂ ಆರಿಸಿದೆವು. ನಾನು ಅಳಬಾರದೆಂದುಕೊಂಡಿದ್ದೆ, ಅತ್ತೆ. ಕೊನೆಯ ಕಾಳು ಬೇಸನ್ನಿಗೆ ಬಿದ್ದ ಮೇಲೆ ಅವಳೇ ಮುಖ ಒರೆಸಿಕೊಂಡು, "ನಡೀರಿ, ಅದೇನ್ ಹೇಳ್ತೀರೋ ಹೇಳಿ" ಅಂದಳು.

ಮೇಡಂ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎಲ್ಲ ಕೇಳಿ, "ಊಟ ಮಾಡಿದ್ಯಾ?" ಅಂದರು. ಅಂದಿನಿಂದ ರತ್ನ ಮಲಗಿದ್ದು ಮೇಡಂ ಕೋಣೆಯಲ್ಲಿ. ಮರುದಿನ ಅವಳನ್ನು ತಮಗೆ ಪರಿಚಯದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಗುಬ್ಬಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ರಂಗಪ್ಪನವರಿಗೆ ಹೇಳಿಕಳಿಸಿದರು. ರತ್ನ ಒಬ್ಬಳೇ ಇರದ ಹಾಗೆ ಗೌರಿಯೂ ನಾನೂ ಸರದಿ ಹಾಕಿಕೊಂಡೆವು. ನನ್ನ ಜೊತೆ ಅವಳು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಇರುತ್ತಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ರಂಗಪ್ಪನವರು ಬಂದರು. ಬಿಳಿ ಅಂಗಿ, ತಲೆಗೆ ಟವಲು, ಹೆಗಲ ಮೇಲೆ ಅವರೆಕಾಯಿ ಮೂಟೆ. ಗಾಬರಿಯಲ್ಲೂ ಮೂಟೆ ಮರೆತಿರಲಿಲ್ಲ. ಮೇಡಂ ಅವರನ್ನು ಆಫೀಸು ಕೋಣೆಗೆ ಕರೆಯದೆ ಹಿಂದಿನ ಜಗಲಿಗೆ ಕರೆದುಕೊಂಡು ಬಂದು ರತ್ನನ ಪಕ್ಕ ಕೂರಿಸಿದರು. "ಮಾತಾಡೋದಿದೆ. ಕಾಯಿ ಸುಲೀತಾ ಮಾತಾಡೋಣ" ಅಂದರು. ಹೆಂಗಸರ ಕೆಲಸವೆಂದು ಅವರು ಒಂದು ಗಳಿಗೆ ಅನುಮಾನಿಸಿದರು. ಆಮೇಲೆ ಟವಲು ತೆಗೆದಿಟ್ಟು ಸುಲಿಯತೊಡಗಿದರು. ರತ್ನ ಅಪ್ಪನ ಮುಖ ನೋಡಲಿಲ್ಲ, ಅಪ್ಪನ ಕೈ ನೋಡುತ್ತಾ ಹೇಳಿದಳು. ಪಾಠ ಅರ್ಥವಾಗದ್ದು, ಫೇಲಾದದ್ದು, ಕೊನೆಗೆ ನನಗೆ ಹೇಳಿದ್ದನ್ನೂ ಹೇಳಿದಳು.

ಅವರ ಕೈ ನಿಂತಿತು. ಮೊದಲು ಸಿಟ್ಟು ಬಂದದ್ದು ಮೇಡಂ ಮೇಲೆ. "ಅಲ್ಲ ಅಮ್ಮಾವ್ರೆ, ಊರ್ಗೆಲ್ಲ ಡಾಕ್ಟ್ರಾಯ್ತಾಳೆ ಅಂದಿವ್ನಿ. ಈಗ ಊರ್ಗೆ ಏನಂತ ಹೇಳ್ಲಿ?"

ಮೇಡಂ ಸುಲಿಯುತ್ತಲೇ ಇದ್ದರು. ನನ್ನ ನಾಲಿಗೆ ತುರಿಸಿತು. ತಡೆದುಕೊಂಡೆ. ರಂಗಪ್ಪನವರು ಇನ್ನೊಂದು ಕಾಯಿ ಎತ್ತಿಕೊಂಡರು, ಬಿಡಿಸಲಾಗದೆ ಹಾಗೇ ಹಿಡಿದುಕೊಂಡರು.

"ನೋಡು, ನೀನ್ ಇಂಥಾ ಮಾತಾಡಿದ್ ಮ್ಯಾಲೂ ನಂಗೆ ಊರಿನ್ ಚಿಂತೆ" ಅಂದರು. "ಊರ್ ಮನೆ ಹಾಳಾಗ್ಲಿ ಬುಡು ಮಗ. ಅಜ್ಜೀರ್ ಮಂಡಿ ನೋವು ಹಂಗೇ ಇರ್ಲಿ. ನೀನಿದ್ರೆ ಸಾಕು ಕಣವ್ವ."

ರತ್ನ ಅಪ್ಪನ ಕೈಯಿಂದ ಆ ಕಾಯಿ ತೆಗೆದುಕೊಂಡು ತಾನೇ ಸುಲಿದಳು.

ಅವಳು ಹಬ್ಬಕ್ಕೆ ಊರಿಗೆ ಹೋಗಿ ವಾಪಸು ಬಂದಳು. ಜೂನಿನಲ್ಲಿ ಮತ್ತೆ ಮೊದಲ ವರ್ಷಕ್ಕೆ, ಆದರೆ ಕನ್ನಡದಲ್ಲಿ ಓದುವ ಆರ್ಟ್ಸಿಗೆ ಸೇರಿದಳು. ಅಷ್ಟು ಸಲೀಸಾಗಿ ಎಲ್ಲ ನೆಟ್ಟಗಾಗಲಿಲ್ಲ. ಎಷ್ಟೋ ಸಂಜೆ ಮತ್ತೆ ಮಂಕಾಗಿ ಬಂದು ಪಕ್ಕ ಕೂರುತ್ತಿದ್ದಳು. ಡಾಕ್ಟರಮ್ಮನ ಹತ್ತಿರ ಹೋಗಿಬರುವುದೂ ಬಹಳ ದಿನ ನಡೆಯಿತು. ಆ ಬೇಸಿಗೆಯಲ್ಲೇ, ಅವರೆ ಮುಗಿದ ಮೇಲೆ, ಹುಣಸೆಹಣ್ಣು ಬಂದಿತ್ತು. ಬೀಜ ಬಿಡಿಸುತ್ತಾ ಕೂತಿದ್ದ ಒಂದು ಮಧ್ಯಾಹ್ನ ನಾನು ಮೇಡಂ ಅವರನ್ನು ಕೇಳಿಯೇಬಿಟ್ಟೆ. "ಕೈ ಖಾಲಿ ಇರಬಾರದು ಅಂತ ನಿಮಗೆ ಹೊಳೆದದ್ದು ಹೇಗೆ ಮೇಡಂ? ಪುಸ್ತಕದಲ್ಲಿ ಎಲ್ಲೂ ಇಲ್ವಲ್ಲ."

ಅವರು ತಮ್ಮ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ನನ್ನ ಗೆಳತಿ ಒಬ್ಳು ಇದ್ಲು. ಯಾರ್ಗೂ ಹೇಳಲ್ಲ ಅಂತ ಭಾಷೆ ಕೊಟ್ಟಿದ್ದೆ ಕಣೇ" ಅಂದರು. "ತಪ್ಪಲಿಲ್ಲ."

ಮತ್ತೆ ಹುಣಸೆ ಬೀಜ ಬಿಡಿಸತೊಡಗಿದರು. ನಾನು ಎರಡನೇ ಪ್ರಶ್ನೆ ಕೇಳಲಿಲ್ಲ. ಅಷ್ಟು ಹೊತ್ತಿಗೆ ನನಗೂ ಸುಮ್ಮನೆ ಕೂರುವುದು ಬಂದಿತ್ತು. ಮೇಡಂ ತೀರಿಹೋಗಿ ಬಹಳ ವರ್ಷವಾಯಿತು. ಗೌರಿ ಕುಣಿಗಲ್‌ನಲ್ಲಿದ್ದಾಳೆ, ಫೋನು ಮಾಡಿದರೆ ಈಗಲೂ ಮೂರಕ್ಕೆ ಒಂದೇ ಉತ್ತರ.

ಗುಬ್ಬಿಗೆ ಹೋದದ್ದು ಯಾಕೆಂದು ಹೇಳುತ್ತೇನೆಂದಿದ್ದೆನಲ್ಲ. ರತ್ನ ಹಿತಕವರೆ ಸಾರಿಗೆ ಕರೆದಿದ್ದಳು. ಅಲ್ಲಿನ ಪೋಸ್ಟಾಫೀಸಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿ ರಿಟೈರಾಗಿದ್ದಾಳೆ. ಪೆನ್ಷನ್ನಿಗೆಂದು ಬರುತ್ತಿದ್ದ ಅವಳೂರಿನ ಅಜ್ಜಿಯರು ಕೌಂಟರಿನ ಈಚೆಗೇ ನಿಂತು ಮಂಡಿ ನೋವಿನ ಕಥೆಯೆಲ್ಲ ಹೇಳುತ್ತಿದ್ದರಂತೆ. ಇವಳು ಠಸ್ಸೆ ಒತ್ತುತ್ತಲೇ ಕೇಳಿಸಿಕೊಳ್ಳುತ್ತಿದ್ದಳಂತೆ. "ಅಂತೂ ಡಾಕ್ಟ್ರು ಆಗ್ಬುಟ್ಟೆ ಅಕ್ಕ" ಎಂದು ನಕ್ಕಳು. ನನ್ನ ಎರಡು ಕೇಜಿ ನೋಡಿ, "ಅವರೆಕಾಯಿನ ನಮ್ಮನೆಗೇ ಹೊತ್ಕೊಂಡ್ ಬಂದಿದೀರಲ್ಲ, ನಮ್ಮಪ್ಪನ ಥರ" ಎಂದು ಆಡಿಕೊಂಡಳು. ಹಿಂದಿನ ದಿನವೇ ಕಾಳು ನೆನೆಸಿಟ್ಟಿದ್ದಳು. ಇಬ್ಬರೂ ಬೇಸನ್ನಿನ ಮುಂದೆ ಕೂತೆವು. ಈಗಲೂ ಎರಡೂ ಕೈಯಲ್ಲಿ ಒಟ್ಟಿಗೆ ಹಿತುಕುತ್ತಾಳೆ. ನನಗೆ ಬೆರಳ ಗಂಟು ನೋವು, ನಿಧಾನ.

ಅರ್ಧ ಮುಗಿದಿತ್ತು. ರತ್ನ ಕೈ ತೊಳೆದುಕೊಂಡು, ಒರೆಸಿಕೊಂಡು, ಬೇಸನ್ನಿನ ಮೇಲೆ ಅಂಗೈ ಚಾಚಿದಳು.

"ಅಕ್ಕ, ಮುಂದಿನ್ ವರ್ಷದ ಅವರೆಗೂ ಬತ್ತೀನಿ ಅಂತ ಭಾಷೆ ಕೊಡಿ."

ನನ್ನ ಕೈ ತುಂಬ ಕಾಳಿತ್ತು. ಅವನ್ನು ಬೇಸನ್ನಿಗೆ ಹಾಕಿದೆ. ಸೆರಗಿಗೆ ಕೈ ಒರೆಸಿಕೊಂಡು ಕೊಟ್ಟೆ.